ಅಮೆರಿಕದಲ್ಲಿ ಮನೆ ಕೊಂಡ ನಮ್ಮವರಿಗೆ: ವಾಟರ್ ಹೀಟರ್ ಬದಲಿಸುವ ಮುನ್ನ

ಮನೆ ಕೊಳ್ಳುವಾಗ ನಮ್ಮವರು ದಿಕ್ಕು ನೋಡುತ್ತಾರೆ, ಶಾಲೆ ವಿಚಾರಿಸುತ್ತಾರೆ, ದೇವರ ಮನೆಗೆ ಜಾಗ ಎಲ್ಲಿ ಎಂದು ಹುಡುಕುತ್ತಾರೆ. ವಾಟರ್ ಹೀಟರಿನ ಮೇಲೆ ಅಂಟಿಸಿರುವ ಚೀಟಿಯನ್ನು ಮಾತ್ರ ಯಾರೂ ಓದುವುದಿಲ್ಲ. ಊರಿನಲ್ಲಿ ಗೀಸರ್ ಎಂದರೆ ಬಚ್ಚಲುಮನೆಯ ಗೋಡೆಗೆ ನೇತುಹಾಕಿದ 15 ಅಥವಾ 25 ಲೀಟರಿನ ಡಬ್ಬ. ಅದು ಕೆಟ್ಟರೆ ಎರಡು ದಿನ ಒಲೆಯ ಮೇಲೆ ನೀರು ಕಾಯಿಸಿಕೊಂಡರಾಯಿತು. ಇಲ್ಲಿಯದು 40 ಅಥವಾ 50 ಗ್ಯಾಲನ್, ಅಂದರೆ 150ರಿಂದ 190 ಲೀಟರಿನ ಟ್ಯಾಂಕು. ಇಡೀ ಮನೆಗೆ ಒಂದೇ, ಹಗಲೂ ರಾತ್ರಿಯೂ ಕಾದೇ ಇರುತ್ತದೆ. ಅದರ ತಳ ತೂತಾದರೆ ಹರಿಯುವುದು 190 ಲೀಟರ್ ಮಾತ್ರವಲ್ಲ. ತಣ್ಣೀರಿನ ಪೈಪು ಬೀದಿಯ ಒತ್ತಡದಲ್ಲಿ ತುಂಬಿಸುತ್ತಲೇ ಇರುತ್ತದೆ, ಯಾರಾದರೂ ಹೋಗಿ ವಾಲ್ವ್ ಮುಚ್ಚುವ ತನಕ. ಟೆಕ್ಸಾಸಿನ ಎಷ್ಟೋ ಮನೆಗಳಲ್ಲಿ ಈ ಟ್ಯಾಂಕು ಅಟ್ಟದ ಮೇಲಿರುತ್ತದೆ. ಕೆಳಗೆ ಮಕ್ಕಳು ಮಲಗಿರುತ್ತಾರೆ.

"ಕೆಟ್ಟ ಮೇಲೆ ನೋಡೋಣ" ಎನ್ನುವ ನಮ್ಮ ಅಭ್ಯಾಸಕ್ಕೆ ಊರಿನಲ್ಲಿ ಅರ್ಥವಿತ್ತು. ಬೀದಿ ತುದಿಯಲ್ಲಿ ಪರಿಚಯದ ಪ್ಲಂಬರ್ ಇದ್ದ, ತಾರಸಿಯ ಟ್ಯಾಂಕಿಗೆ ಎಲ್ಲಿ ವಾಲ್ವ್ ಎಂದು ಮನೆಯ ಹಿರಿಯರಿಗೆ ಗೊತ್ತಿತ್ತು. ಇಲ್ಲಿ ಶನಿವಾರ ರಾತ್ರಿ ಹೀಟರ್ ಒಡೆದರೆ ಫೋನ್ ಎತ್ತಿದವರು ಹೇಳಿದ್ದೇ ಬೆಲೆ, ಅವರ ಗಾಡಿಯಲ್ಲಿ ಇದ್ದದ್ದೇ ಮಾಡೆಲ್. ಹಾಗಾಗಿ ಇವತ್ತೇ ಹೋಗಿ ಚೀಟಿ ಓದಿ. ತಯಾರಾದ ದಿನಾಂಕ ನೇರವಾಗಿ ಬರೆದಿರಬಹುದು, ಇಲ್ಲವೆ ಸೀರಿಯಲ್ ನಂಬರಿನಲ್ಲಿ ಅಡಗಿರುತ್ತದೆ. ಎ. ಓ. ಸ್ಮಿತ್‌ನ ಈಚಿನ ಹೀಟರುಗಳಲ್ಲಿ ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ವಾರ. ಟ್ಯಾಂಕ್ ಹೀಟರಿನ ಆಯಸ್ಸು ಸಾಮಾನ್ಯವಾಗಿ 8ರಿಂದ 12 ವರ್ಷ. ಹತ್ತು ದಾಟಿದ್ದರೆ, ಅದರಲ್ಲೂ ಅಟ್ಟದ ಮೇಲೋ ಮಹಡಿಯಲ್ಲೋ ಇದ್ದರೆ, ಒಡೆಯುವ ಮೊದಲೇ ಬದಲಿಸಿ.

ಹಾಗೆಂದು ಪ್ರತಿಯೊಂದು ತೊಂದರೆಗೂ ಹೊಸ ಹೀಟರ್ ಬೇಕಿಲ್ಲ. ಕರೆಂಟಿನ ಹೀಟರಿನಲ್ಲಿ ಮೇಲೊಂದು ಕೆಳಗೊಂದು, ಎರಡು ಎಲಿಮೆಂಟ್ ಇರುತ್ತವೆ. ನೀರು ಸ್ವಲ್ಪವೂ ಕಾಯದಿದ್ದರೆ ಮೊದಲು ಬ್ರೇಕರ್ ನೋಡಿ. ಅದನ್ನು ಆಫ್ ಮಾಡಿಕೊಂಡು ಮೇಲಿನ ಮುಚ್ಚಳ ತೆಗೆದರೆ ಥರ್ಮೋಸ್ಟಾಟಿನ ಕೆಂಪು ರೀಸೆಟ್ ಗುಂಡಿ ಸಿಗುತ್ತದೆ, ಒತ್ತಿ ನೋಡಿ. ಬಿಸಿನೀರು ಬಂದು ಬೇಗ ಮುಗಿದುಹೋಗುತ್ತಿದ್ದರೆ ಬಹುಪಾಲು ಕೆಳಗಿನ ಎಲಿಮೆಂಟ್ ಸುಟ್ಟಿದೆ ಅಥವಾ ತಣ್ಣೀರನ್ನು ತಳಕ್ಕೆ ಒಯ್ಯುವ ಪ್ಲಾಸ್ಟಿಕ್ ಕೊಳವೆ ಮುರಿದಿದೆ. ಇವೆರಡೂ ಕಡಿಮೆ ಬೆಲೆಯ ಬಿಡಿಭಾಗಗಳು. ಗ್ಯಾಸ್ ಹೀಟರಿನ ಪೈಲಟ್, ಅಂದರೆ ಸದಾ ಉರಿಯುವ ಪುಟ್ಟ ಜ್ವಾಲೆ, ಪದೇಪದೇ ಆರಿದರೆ ಆ ಜ್ವಾಲೆಯ ಬಿಸಿಯನ್ನು ಗ್ರಹಿಸುವ ಥರ್ಮೋಕಪಲ್ ಕಡ್ಡಿಯನ್ನು ನೋಡಿಸಿ. ಒಳಗಿನಿಂದ ಗುಡುಗುಟ್ಟುವ ಸದ್ದು ಬಂದರೆ ತಳದಲ್ಲಿ ಸುಣ್ಣದ ಪದರ ಕೂತಿದೆ ಎಂದರ್ಥ. ಬೋರ್‌ವೆಲ್ ನೀರಿನ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಬುಡದಲ್ಲಿ ನೀರು ಕಂಡರೆ ಒರೆಸಿ, ಟಿಶ್ಯೂ ಇಟ್ಟು ಎಲ್ಲಿಂದ ಬರುತ್ತಿದೆ ನೋಡಿ. ಮೇಲಿನ ಜೋಡಣೆಯಿಂದಲೋ ಡ್ರೈನ್ ನಲ್ಲಿಯಿಂದಲೋ ಆದರೆ ರಿಪೇರಿ ಸಾಧ್ಯ. ಟ್ಯಾಂಕಿನ ಮೈಯಿಂದಲೇ ಒಸರುತ್ತಿದ್ದರೆ ಅದಕ್ಕೆ ಯಾವ ರಿಪೇರಿಯೂ ಇಲ್ಲ.

ಒಸರಿದ್ದು ಹರಿಯತೊಡಗಿದರೆ ಈ ಕ್ರಮ ತಪ್ಪಿಸಬೇಡಿ: ಮೊದಲು ಬೆಂಕಿ ಅಥವಾ ಕರೆಂಟು, ಆಮೇಲೆ ನೀರು. ಗ್ಯಾಸಾದರೆ ಗುಂಡಿಯನ್ನು ಆಫ್‌ಗೆ ತಿರುಗಿಸಿ, ಪೈಪಿನ ಮೇಲಿನ ಹಿಡಿಯನ್ನು ಅಡ್ಡ ಮಾಡಿ. ಕರೆಂಟಾದರೆ ಬ್ರೇಕರ್ ಇಳಿಸಿ. ನಂತರ ಟ್ಯಾಂಕಿನ ತಲೆಯ ಮೇಲೆ ತಣ್ಣೀರಿನ ವಾಲ್ವ್ ಮುಚ್ಚಿ. ಹಳೆಯ ದುಂಡು ಚಕ್ರದ ವಾಲ್ವುಗಳು ವರ್ಷಗಟ್ಟಲೆ ಮುಟ್ಟದೆ ಹಿಡಿದುಕೊಂಡಿರುತ್ತವೆ. ಬಲ ಹಾಕಿ ಮುರಿಯುವ ಬದಲು ಮನೆಯ ಮುಖ್ಯ ವಾಲ್ವನ್ನೇ ಮುಚ್ಚಿ. ಅದು ಎಲ್ಲಿದೆ ಎಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ಹತ್ತು ವರ್ಷದ ಮಗುವಿಗೂ. ಹಂಡೆಗೆ ನೀರು ಎಲ್ಲಿಂದ ಬಂತು, ಒಲೆಗೆ ಸೌದೆ ಯಾರು ಹಾಕಿದರು ಎಂದು ನಮಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಇಲ್ಲಿ ಬೆಳೆಯುವ ಮಕ್ಕಳಿಗೆ ಬಿಸಿನೀರು ಗೋಡೆಯೊಳಗಿನಿಂದ ಬರುತ್ತದೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ, ವಾಲ್ವನ್ನು ಅವರ ಕೈಯಿಂದಲೇ ತಿರುಗಿಸಿಸಿ.

ಗಾತ್ರದ ವಿಷಯದಲ್ಲಿ ಗ್ಯಾಲನ್ ಒಂದನ್ನೇ ನೋಡಬೇಡಿ. ಹಳದಿ ಎನರ್ಜಿಗೈಡ್ ಚೀಟಿಯಲ್ಲಿ ಫಸ್ಟ್ ಅವರ್ ರೇಟಿಂಗ್ ಎಂದಿರುತ್ತದೆ: ಪೂರ್ತಿ ಕಾದ ಟ್ಯಾಂಕು ಮೊದಲ ಒಂದು ಗಂಟೆಯಲ್ಲಿ ಎಷ್ಟು ಬಿಸಿನೀರು ಕೊಡಬಲ್ಲದು ಎಂಬ ಲೆಕ್ಕ. 50 ಗ್ಯಾಲನಿನ ಗ್ಯಾಸ್ ಹೀಟರಿಗೆ ಇದು ಸುಮಾರು 80 ಗ್ಯಾಲನ್ ಆಸುಪಾಸು, ಅದೇ ಗಾತ್ರದ ಕರೆಂಟಿನದಕ್ಕೆ 60ರ ಆಸುಪಾಸು. ಮಾಮೂಲು ದಿನಕ್ಕೆ ಎರಡೂ ಸಾಕು. ನರಕ ಚತುರ್ದಶಿಯ ಬೆಳಗ್ಗೆ ಲೆಕ್ಕ ಬೇರೆ. ಊರಿಂದ ಬಂದ ಅಪ್ಪ ಅಮ್ಮ ಸೇರಿ ಆರು ಜನ, ಎಲ್ಲರಿಗೂ ಎಣ್ಣೆ ಸ್ನಾನ, ಎಲ್ಲವೂ ಸೂರ್ಯ ಹುಟ್ಟುವ ಮೊದಲು. ನಿಮಿಷಕ್ಕೆ 2 ಗ್ಯಾಲನ್ ಬಿಡುವ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ 20 ಗ್ಯಾಲನ್, ಅದರಲ್ಲಿ ಮೂರನೇ ಎರಡು ಪಾಲು ಬಿಸಿ. ಆರು ಜನಕ್ಕೆ 80 ಗ್ಯಾಲನ್ ಬಿಸಿನೀರು! ಅದೇ 18 ಲೀಟರಿನ ಬಕೆಟು ಎರಡು ತುಂಬಿಸಿ ಚೊಂಬಿನಲ್ಲಿ ಹೊಯ್ದುಕೊಂಡರೆ ಒಬ್ಬರಿಗೆ ಹತ್ತು ಗ್ಯಾಲನ್ನೂ ಬೇಡ. ಬಕೆಟನ್ನು ಹಳೆಯ ಕಾಲದ್ದೆಂದು ಬಿಡಬೇಡಿ.

ಇಲ್ಲಿನ ಮಕ್ಕಳಿಗೆ ದೀಪಾವಳಿ ಎಂದರೆ ದೀಪ, ಸಿಹಿ, ಕನ್ನಡ ಕೂಟದ ಕಾರ್ಯಕ್ರಮ. ಹಿಂದಿನ ಸಂಜೆಯ ನೀರು ತುಂಬುವ ಹಬ್ಬ ಹೆಚ್ಚಿನ ಮನೆಗಳಲ್ಲಿ ಬಿಟ್ಟೇಹೋಗಿದೆ, ಏಕೆಂದರೆ ತೊಳೆದು ಸಿಂಗರಿಸಲು ಹಂಡೆಯೇ ಇಲ್ಲ. ಉಳಿಸಿಕೊಳ್ಳುವ ಮನಸ್ಸಿದ್ದರೆ ಬಚ್ಚಲಿನಲ್ಲಿ ಒಂದು ತಾಮ್ರದ ಬಿಂದಿಗೆಯೋ ಹೊಸ ಬಕೆಟೋ ಇಟ್ಟು ತುಂಬಿಸಿ ಪೂಜೆ ಮಾಡಿ. ಗ್ಯಾಸ್ ಹೀಟರಿಗೆ ಹೂವಿನ ಸರ ಸುತ್ತಬೇಡಿ, ಅದರ ಬುಡದಲ್ಲಿ ದೀಪ ಇಡಬೇಡಿ. ಬುಡದ ಸುತ್ತಲಿನ ಕಿಂಡಿಗಳಿಂದಲೇ ಬರ್ನರಿಗೆ ಗಾಳಿ ಹೋಗಬೇಕು.

ಯಾವ ಬಗೆಯದು ಕೊಳ್ಳಬೇಕು? ಗ್ಯಾಸ್ ಟ್ಯಾಂಕು ಇದ್ದಲ್ಲಿ ಗ್ಯಾಸ್ ಟ್ಯಾಂಕು ಹಾಕುವುದು ಸುಲಭದ ದಾರಿ. ಆದರೆ 2015ರ ಏಪ್ರಿಲ್‌ನಲ್ಲಿ ಫೆಡರಲ್ ದಕ್ಷತೆಯ ನಿಯಮ ಬಿಗಿಯಾದ ಮೇಲೆ ಬಂದ ಹೀಟರುಗಳಿಗೆ ಶಾಖ ತಡೆಯುವ ಪದರ ದಪ್ಪ. ಹಳೆಯದು ಕೂತಿದ್ದ ಕಪಾಟಿನಲ್ಲಿ ಅದೇ ಗ್ಯಾಲನಿನ ಹೊಸದು ಹಿಡಿಯದೇ ಹೋಗಬಹುದು. ಎತ್ತರ, ಅಡ್ಡಳತೆ, ಬಾಗಿಲಿನ ಅಗಲ, ಹೊಗೆ ಪೈಪಿನ ಅಳತೆ, ಇಷ್ಟನ್ನೂ ಮೊದಲೇ ಅಳೆದಿಟ್ಟುಕೊಳ್ಳಿ. ಟ್ಯಾಂಕಿಲ್ಲದ ಹೀಟರ್ ಬಗ್ಗೆ ನಮ್ಮವರಿಗೆ ಮೋಹ ಹೆಚ್ಚು, ಊರಿನ ಇನ್‌ಸ್ಟಂಟ್ ಗೀಸರ್ ನೆನಪಿನಿಂದ. ಟ್ಯಾಂಕು ಗಂಟೆಗೆ ಸುಮಾರು 40,000 ಬಿಟಿಯು (ಶಾಖದ ಅಳತೆ) ಎಳೆದರೆ ಇದು 1,50,000ದಿಂದ 1,99,000 ಎಳೆಯುತ್ತದೆ. ಈಗಿರುವ ಅರ್ಧ ಇಂಚಿನ ಗ್ಯಾಸ್ ಪೈಪು ಹಲವೆಡೆ ಸಾಲುವುದಿಲ್ಲ. ನಲ್ಲಿಯನ್ನು ಸಣ್ಣಗೆ ಬಿಟ್ಟು ಬಕೆಟ್ ತುಂಬಿಸುವವರಿಗೆ ಇನ್ನೊಂದು ತೊಡಕು: ನಿಮಿಷಕ್ಕೆ ಅರ್ಧ ಗ್ಯಾಲನಿಗಿಂತ ಕಡಿಮೆ ಹರಿದರೆ ಬರ್ನರ್ ಹೊತ್ತದೇ ಇರಬಹುದು. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ ವಿನಿಗರ್ ಹಾಯಿಸಿ ಸುಣ್ಣ ತೆಗೆಯಬೇಕು.

ಹೀಟ್ ಪಂಪ್ ಹೀಟರ್ ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರು ಕಾಯಿಸುತ್ತದೆ; ಮಾಮೂಲು ಕರೆಂಟಿನದಕ್ಕೆ ಬೇಕಾಗುವುದರ ಸುಮಾರು ಮೂರನೇ ಒಂದು ಭಾಗ ಕರೆಂಟಿನಲ್ಲಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಸುತ್ತ ಗಾಳಿಯ ಜಾಗ ಬೇಕು, ಹೆಚ್ಚಿನ ಮಾಡೆಲ್‌ಗಳಿಗೆ 700 ಘನ ಅಡಿಯಷ್ಟು. ಗಾಳಿಯ ತೇವ ತಣಿದು ಇಳಿಯುವ ನೀರು ಹೋಗಲು ಕೊಳವೆಯೂ ಬೇಕು. ಕೋಣೆಯನ್ನು ತಂಪು ಮಾಡುತ್ತದೆ, ನಿಧಾನವಾಗಿ ಕಾಯುತ್ತದೆ. ನೆಂಟರು ಬರುವ ಮುನ್ನಾದಿನವೇ ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಮೋಡ್‌ಗೆ ಹಾಕಿ. ಇದರ ಮೇಲಿದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರ ನಂತರ ಅಳವಡಿಸಿದವಕ್ಕೆ ಇಲ್ಲ. ವಿದ್ಯುತ್ ಕಂಪನಿಯ ರಿಬೇಟ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಪರ್ಮಿಟ್ ತೆಗೆಯಿರಿ, ಇನ್‌ಸ್ಪೆಕ್ಷನ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ನೀವು ಕೈ ಹಾಕಬೇಡಿ.

ಗ್ಯಾಸ್ ಕೆಲಸವನ್ನು ಲೈಸೆನ್ಸ್ ಇರುವವರಿಗೇ ಬಿಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ, ಏಕೆಂದರೆ ಅವಸರದಲ್ಲಿ ಬಿಟ್ಟುಹೋಗುವ ಭಾಗಗಳು ಯಾವಾಗಲೂ ಇವೇ. ತಾಮ್ರದ ಪೈಪು ಟ್ಯಾಂಕಿನ ಕಬ್ಬಿಣಕ್ಕೆ ನೇರ ತಾಗಿದರೆ ಆ ಸಂಧಿ ತುಕ್ಕು ಹಿಡಿಯುತ್ತದೆ, ನಡುವೆ ಎರಡು ಲೋಹ ತಾಗದಂತೆ ತಡೆಯುವ ಡೈಎಲೆಕ್ಟ್ರಿಕ್ ನಿಪ್ಪಲ್ ಇರಬೇಕು. ಟ್ಯಾಂಕಿನ ಬಾಯಿಗೆ ಹತ್ತಿಕೊಂಡಂತೆ ಬೆಸುಗೆ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗುತ್ತದೆ. ಗ್ಯಾಸ್ ಪೈಪಿನಲ್ಲಿ ಕಸ ಕೂರಲು ಕೆಳಮುಖದ ತುಂಡು, ಪ್ರತಿ ಜೋಡಣೆಗೂ ಸಾಬೂನು ನೀರಿನ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಭೂಕಂಪಕ್ಕೆಂದು ಎರಡು ಪಟ್ಟಿ: ಒಂದು ಮೇಲಿನ ಮೂರನೇ ಭಾಗದಲ್ಲಿ, ಇನ್ನೊಂದು ಕೆಳಗಿನದರಲ್ಲಿ, ಕಂಟ್ರೋಲಿಗಿಂತ ಕನಿಷ್ಠ 4 ಇಂಚು ಮೇಲೆ. ತುಂಬಿದ 50 ಗ್ಯಾಲನ್ ಟ್ಯಾಂಕಿನ ನೀರೇ ಸುಮಾರು 190 ಕಿಲೋ, ಆ ಪಟ್ಟಿ ಗೋಡೆಯೊಳಗಿನ ಮರದ ಕಂಬಕ್ಕೆ ಕಚ್ಚಿರಬೇಕು. ಅಟ್ಟದಲ್ಲಿದ್ದರೆ ಕೆಳಗೆ ತಟ್ಟೆ, ತಟ್ಟೆಯಿಂದ ಹೊರಗೆ ಹೋಗುವ ಪೈಪು.

ಟ್ಯಾಂಕಿನ ಪಕ್ಕದ ಸುರಕ್ಷಾ ವಾಲ್ವ್ 150 ಪಿಎಸ್ಐ (ಒತ್ತಡದ ಅಳತೆ) ಅಥವಾ 210 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ತಾನೇ ತೆರೆದುಕೊಳ್ಳುತ್ತದೆ. ಅದರ ಮುಕ್ಕಾಲು ಇಂಚಿನ ಪೈಪು ಎಲ್ಲೂ ಮೇಲಕ್ಕೆ ತಿರುಗದೆ ನೆಲಕ್ಕೆ 6 ಇಂಚು ಹತ್ತಿರ ಇಳಿಯಬೇಕು, ತುದಿಯಲ್ಲಿ ಮುಚ್ಚಳ ತಿರುಗಿಸಿ ಕೂರಿಸುವಂಥ ತಿರುಪಿನ ಗೆರೆ ಇರಬಾರದು. ತೊಟ್ಟಿಕ್ಕುತ್ತದೆಂದು ಮುಚ್ಚಳ ಹಾಕಿ ಮುಚ್ಚುವವರಿದ್ದಾರೆ. ದಯವಿಟ್ಟು ಎಂದೂ ಹಾಗೆ ಮಾಡಬೇಡಿ. ಆ ದಾರಿ ಮುಚ್ಚಿದ ಟ್ಯಾಂಕು ಸಿಡಿದರೆ ಚಾವಣಿ ಹಾರಿಹೋಗುತ್ತದೆ. ತೊಟ್ಟಿಕ್ಕುವುದಕ್ಕೆ ಕಾರಣ ಬಹುತೇಕ ಒತ್ತಡ. ಬೀದಿಯ ಪೈಪಿನಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಅಥವಾ ಚೆಕ್ ವಾಲ್ವ್ ಇದ್ದರೆ, ಕಾದು ಹಿಗ್ಗಿದ ನೀರಿಗೆ ಹಿಂದೆ ಹೋಗಲು ಜಾಗವಿರುವುದಿಲ್ಲ. ಅದಕ್ಕೇ 2 ಗ್ಯಾಲನಿನ ಎಕ್ಸ್‌ಪ್ಯಾನ್ಶನ್ ಟ್ಯಾಂಕು. ಮನೆಯ ಒತ್ತಡವನ್ನು ಅಂಗಳದ ನಲ್ಲಿಗೆ ಗೇಜ್ ಹಾಕಿ ನೋಡಿ. 80 ಪಿಎಸ್ಐ ಮೀರಿರಬಾರದು. ಗೇಜ್ ತೋರಿಸಿದ ಒತ್ತಡದಷ್ಟೇ ಗಾಳಿಯನ್ನು ಸೈಕಲ್ ಪಂಪಿನಿಂದ ಆ ಪುಟ್ಟ ಟ್ಯಾಂಕಿಗೆ, ನೀರಿಗೆ ಜೋಡಿಸುವ ಮೊದಲೇ ತುಂಬಬೇಕು. ಇದನ್ನು ಮಾಡದೆ ಹಾಗೇ ತಿರುಗಿಸಿ ಕೂರಿಸಿ ಹೋಗುವುದು ತುಂಬ ಸಾಮಾನ್ಯ.

ಇನ್ನು ನಮ್ಮ ಮನೆಗಳಿಗೇ ವಿಶೇಷವಾದ ಅಪಾಯ. ಒಗ್ಗರಣೆಯ ಘಾಟು, ಹಪ್ಪಳ ಕರಿದ ವಾಸನೆ ತಡೆಯಲೆಂದು ನಮ್ಮವರು ಮೊದಲು ಮಾಡಿಸುವ ಬದಲಾವಣೆ ದೊಡ್ಡ ಚಿಮಣಿ, ನಿಮಿಷಕ್ಕೆ 600, 900 ಘನ ಅಡಿ ಗಾಳಿ ಎಳೆಯುವಂಥದು. ಚಳಿಗಾಲದಲ್ಲಿ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ ಮನೆಯಿಂದ ಅಷ್ಟು ಗಾಳಿ ಹೊರಹೋದರೆ ಅದರ ಜಾಗಕ್ಕೆ ಗಾಳಿ ಎಲ್ಲಿಂದಲಾದರೂ ಒಳಬರಬೇಕು. ಹೀಟರಿನ ಹೊಗೆ ಪೈಪು ಅದಕ್ಕೆ ಸುಲಭದ ದಾರಿ. ತಲೆಯ ಮೇಲೆ ತೆರೆದ ಟೋಪಿ ಇರುವ ಮಾಮೂಲು ಗ್ಯಾಸ್ ಹೀಟರಿನಲ್ಲಿ ಹೊಗೆ ಬರೀ ಬಿಸಿಯ ಬಲದಿಂದ ಮೇಲೇರುತ್ತದೆ; ಫ್ಯಾನಿನ ಎಳೆತಕ್ಕೆ ಅದು ಮನೆಯೊಳಕ್ಕೆ ತಿರುಗುತ್ತದೆ. ಅದರಲ್ಲಿರಬಹುದಾದ ವಿಷ ಅನಿಲ ಕಾರ್ಬನ್ ಮಾನಾಕ್ಸೈಡಿಗೆ (ಸಿಒ) ವಾಸನೆಯಿಲ್ಲ. ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಚಿಮಣಿ, ಬಚ್ಚಲಿನ ಫ್ಯಾನು, ಬಟ್ಟೆ ಒಣಗಿಸುವ ಯಂತ್ರ ಎಲ್ಲವನ್ನೂ ಹಾಕಿ. ಬಿಸಿನೀರು ಬಿಟ್ಟು ಬರ್ನರ್ ಹೊತ್ತಿಸಿ, ಐದು ನಿಮಿಷದ ನಂತರ ಹೊತ್ತಿಸಿದ ಊದುಬತ್ತಿಯನ್ನು ಆ ಟೋಪಿಯ ಅಂಚಿಗೆ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ಹೊರಕ್ಕೆ ತಳ್ಳಿದರೆ ತಕ್ಷಣ ಆರಿಸಿ, ಕಿಟಕಿ ತೆರೆದು, ತಿಳಿದವರನ್ನು ಕರೆಸಿ. ಗ್ಯಾಸ್ ವಾಸನೆ ಇದ್ದಾಗ ಮಾತ್ರ ಇದನ್ನು ಮಾಡಲೇಬಾರದು. ಯಾವ ಸ್ವಿಚ್ಚೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ ಅಲ್ಲಿಂದ ಫೋನ್ ಮಾಡಿ. ಮನೆ ಬೆಚ್ಚಗಿಡುವ ಹಳೆಯ ಫರ್ನೇಸ್ ತೆಗೆದು ಪ್ಲಾಸ್ಟಿಕ್ ಪೈಪಿನ ಹೊಸದು ಹಾಕಿಸಿದ್ದರೂ ಈ ಪರೀಕ್ಷೆ ಬೇಕು, ಏಕೆಂದರೆ ಫರ್ನೇಸ್, ಹೀಟರ್ ಎರಡಕ್ಕೂ ಎಂದು ಕಟ್ಟಿದ ಅಗಲದ ಹೊಗೆಗೂಡಿನಲ್ಲಿ ಈಗ ಹೀಟರ್ ಒಂದೇ ಉಳಿದಿರುತ್ತದೆ, ಅದರ ಹೊಗೆ ಬೇಗ ತಣಿದುಬಿಡುತ್ತದೆ. ಹೊಗೆ ಪೈಪು ಅಡಿಗೆ ಕಾಲು ಇಂಚಿನಂತೆ ಏರುತ್ತ ಹೋಗಬೇಕು, ಪ್ರತಿ ಸಂಧಿಗೆ ಮೂರು ಸ್ಕ್ರೂ. ಮಲಗುವ ಕೋಣೆಗಳ ಹತ್ತಿರ ಸಿಒ ಅಲಾರಂ ಇಲ್ಲದೆ ಒಂದು ರಾತ್ರಿಯೂ ಕಳೆಯಬೇಡಿ.

ಕರೆಂಟಿನ ಹೀಟರಿಗೆ 240 ವೋಲ್ಟ್, 30 ಆಂಪಿಯರಿನ ಜೋಡಿ ಬ್ರೇಕರ್, 10 ಗೇಜಿನ ತಂತಿ. 4500 ವಾಟಿನ ಎಲಿಮೆಂಟು ಸುಮಾರು 19 ಆಂಪಿಯರ್ ಎಳೆಯುತ್ತದೆ, ಹಳೆಯ ಮನೆಯ ತೆಳುವಾದ 12 ಗೇಜಿನ ತಂತಿಗೆ ಅದು ಹೆಚ್ಚಾಯಿತು. ಹೊಸ ಟ್ಯಾಂಕಿಗೆ ನೀರು ಬಿಡುವಾಗ ಒಂದು ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದಿಡಿ. ಮೊದಲು ಗಾಳಿ ಉಗುಳುತ್ತದೆ, ನಂತರ ಧಾರೆ ನೇರವಾಗುತ್ತದೆ. ಮೂರು ನಿಮಿಷ ಹಾಗೆಯೇ ಹರಿಯಲಿ, ಆಮೇಲೆ ಬ್ರೇಕರ್ ಏರಿಸಿ. ನೀರು ತುಂಬುವ ಮೊದಲು ಕರೆಂಟು ಕೊಟ್ಟರೆ ಮೇಲಿನ ಎಲಿಮೆಂಟು ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ಉಷ್ಣತೆ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಸೆಲ್ಸಿಯಸ್‌ಗೆ ಇಡಿ. 140ರಲ್ಲಿ ಚರ್ಮ ಸುಡಲು ಐದು ಸೆಕೆಂಡು ಸಾಕು. ಊರಿನಿಂದ ಬಂದ ಹಿರಿಯರಿಗೆ ನೀರು ಸಾಕಷ್ಟು ಬಿಸಿಯಿಲ್ಲವೆನಿಸಿ ಗುಂಡಿ ತಿರುಗಿಸುವುದುಂಟು. ಬಂದ ದಿನವೇ ತಿಳಿಸಿ ಹೇಳಿ. ಬಕೆಟಿನಲ್ಲಿ ತಣ್ಣೀರು ಬೆರೆಸಿ, ಕೈ ಅದ್ದಿ ಹದ ನೋಡಿಕೊಳ್ಳುವುದು ನಮಗೆ ಸ್ನಾನದ ಮೊದಲ ಪಾಠವಾಗಿತ್ತು. ಶವರಿನ ಕೆಳಗೆ ಬೆಳೆದ ಮಗುವಿಗೆ ಆ ಕೈ ಮುಂದೆ ಬರುವುದಿಲ್ಲ, ಅದನ್ನು ನಾವೇ ಕಲಿಸಬೇಕು. ಇನ್ನೊಂದು: ಅನ್ನಕ್ಕೆ ಬೇಗ ಕುದಿಯಲೆಂದು ಬಿಸಿನೀರಿನ ನಲ್ಲಿಯಿಂದ ಹಿಡಿಯಬೇಡಿ. ಬಿಸಿನೀರು ಪೈಪಿನ ಸೀಸವನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ. ಅಡುಗೆಗೆ, ಕುಡಿಯಲು ತಣ್ಣೀರೇ.

ಹಾಕಿದ ದಿನಾಂಕವನ್ನು ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ವರ್ಷಕ್ಕೊಮ್ಮೆ ಡ್ರೈನ್ ನಲ್ಲಿಗೆ ಹೋಸ್ ಕಟ್ಟಿ ಎರಡು ಮೂರು ಬಕೆಟ್ ನೀರು ಬಿಟ್ಟು ತಳದ ಸುಣ್ಣ ತೆಗೆಯಿರಿ. ಮೂರು ವರ್ಷಕ್ಕೊಮ್ಮೆ ಆನೋಡ್ ರಾಡ್ ಬಿಚ್ಚಿ ನೋಡಬೇಕು. ಟ್ಯಾಂಕಿನ ಬದಲು ತಾನು ತುಕ್ಕು ಹಿಡಿಯಲೆಂದೇ ಇಟ್ಟಿರುವ ಲೋಹದ ಕಡ್ಡಿ ಅದು. ಒಂದು ಇಂಚು ಮತ್ತು ಹದಿನಾರನೇ ಒಂದರ ಸಾಕೆಟ್ಟು, ಉದ್ದ ಹಿಡಿಯ ವ್ರೆಂಚ್ ಬೇಕು. ಒಳಗಿನ ಉಕ್ಕಿನ ತಂತಿ ಕಾಣತೊಡಗಿದ್ದರೆ ಹೊಸದು ಹಾಕಿ. ಮೇಲೆ ಚಾವಣಿ ತಗ್ಗಿದ್ದು ಉದ್ದನೆಯ ಕಡ್ಡಿ ಇಳಿಯದಿದ್ದರೆ, ಸರಪಳಿಯಂತೆ ಮಡಚುವ ತುಂಡು ತುಂಡಿನ ರಾಡೂ ಅಂಗಡಿಯಲ್ಲಿ ಸಿಗುತ್ತದೆ.