ಅಲಾಯ್ ಹಾಕಿಸಿದರೆ ಪೆಟ್ರೋಲ್ ಉಳಿಯುತ್ತಾ? ಮೊದಲು ತೂಗಿ ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲಾಯ್, ಅಂದರೆ ಕಾರಿನ ಸ್ಟೀಲ್ ರಿಮ್ (ಟೈರು ಕೂರುವ ಲೋಹದ ಚಕ್ರ) ಬದಲು ಹಾಕಿಸುವ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್, ಹಗುರವಾದ್ದರಿಂದ ಪೆಟ್ರೋಲ್ ಉಳಿಸುತ್ತದೆಂದು ನಂಬಿ ಕೊಳ್ಳಲು ಬರುವವರನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲಿ. ಒಂದನ್ನು ಎತ್ತುತ್ತಾರೆ, ‘ಅಬ್ಬಾ, ಎಷ್ಟು ಹಗುರ!’ ಎನ್ನುತ್ತಾರೆ, ದುಡ್ಡು ಎಣಿಸುತ್ತಾರೆ. ಮನಸ್ಸಿನಲ್ಲಿರುವುದು ಟೈರು ಸಮೇತ ಸ್ಟೆಪ್ನಿ ಎತ್ತಿದ ನೆನಪು. ಕೈಯಲ್ಲಿರುವುದು ಬರೀ ರಿಮ್!

ಹಂತ 1: ತೂಗಿ. ಎಲ್ಲರೂ ಎಡವುವುದು ಇಲ್ಲೇ. ನಿಮ್ಮ ಸ್ಟೆಪ್ನಿ ಉಳಿದ ನಾಲ್ಕು ಚಕ್ರಗಳ ಅಳತೆಯದೇ ಹೌದಾ ನೋಡಿಕೊಳ್ಳಿ; ಕೆಲವು ಕಾರುಗಳಲ್ಲಿ ಅದು ಚಿಕ್ಕದಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚಿಸಿ, ಬರೀ ಸ್ಟೀಲ್ ರಿಮ್ಮನ್ನು ಹಳೇ ಪೇಪರ್ ಅಂಗಡಿಯ ತಕ್ಕಡಿಗೆ ಹಾಕಿ. ಮನೆಯ ತೂಕದ ಯಂತ್ರವಾದರೆ ರಿಮ್ ಹಿಡಿದು ನಿಂತು, ನಿಮ್ಮ ತೂಕ ಕಳೆಯಿರಿ. 14 ಇಂಚಿನದು ಸುಮಾರು 7–8 ಕೆ.ಜಿ. ತೂಗೀತು. ಈಗ ಅದೇ ಅಳತೆಯ ಅಲಾಯ್ ತೂಗಿಸಿ. ಅಂಗಡಿಯವರು ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಅಲ್ಯೂಮಿನಿಯಂ ಹಗುರವೇ, ಆದರೆ ಗಟ್ಟಿತನಕ್ಕಾಗಿ ದಪ್ಪಗೆ ಎರಕ ಹೊಯ್ದಿರುತ್ತಾರೆ. ಅಗ್ಗದ ಮಾಲು ತಕ್ಕಡಿಯಲ್ಲಿ ಸ್ಟೀಲಿಗೆ ಸಮನಾಗಿ ಕೂತರೂ ಆಶ್ಚರ್ಯಪಡಬೇಡಿ. ‘ಶೋಕಿ’ಗೆಂದು ಒಂದಿಂಚು ದೊಡ್ಡದು ಆರಿಸಿದಿರೋ, ಹಗುರದ ಮಾತೇ ಮುಗಿಯಿತು.

ಹಂತ 2: ಲೆಕ್ಕ. ರಿಮ್ಮಿಗೆ ಒಂದೂವರೆ ಕೆ.ಜಿ. ಇಳಿಯಿತೆನ್ನಿ, ನಾಲ್ಕಕ್ಕೆ 6. ಚಕ್ರ ತಿರುಗುವುದರಿಂದ, ವೇಗ ಏರಿಸುವಾಗ ಅದು ಹೆಚ್ಚೆಂದರೆ 12 ಕೆ.ಜಿ.ಗೆ ಸಮ. ಜನ ಕೂತ ಮೇಲೆ ಸಾವಿರ ಕೆ.ಜಿ. ದಾಟುವ ಕಾರಿಗೆ ಇದು ಶೇ 1ರ ಆಸುಪಾಸು. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದೂ ಇಲ್ಲವೆನ್ನುವಷ್ಟು. ಧಾರಾಳವಾಗಿ ಶೇ 1 ಪೆಟ್ರೋಲ್ ಉಳಿಯಿತೆಂದೇ ಹಿಡಿಯೋಣ. ಲೀಟರಿಗೆ 18 ಕಿ.ಮೀ. ಕೊಡುವ ಗಾಡಿ ವರ್ಷಕ್ಕೆ 12,000 ಕಿ.ಮೀ. ಓಡಿದರೆ ಉಳಿಯುವುದು 7 ಲೀಟರಿಗೂ ಕಡಿಮೆ. ಲೀಟರಿಗೆ 100 ರೂಪಾಯಿ ಹಿಡಿದರೆ, 25,000 ರೂಪಾಯಿಯ ಸೆಟ್ಟಿನ ಅಸಲು ಹುಟ್ಟಲು 35 ವರ್ಷಕ್ಕೂ ಮೇಲೆ ಬೇಕು.

‘ನನಗೆ ಮೈಲೇಜ್ ಏರಿದೆಯಲ್ಲ’ ಎಂದು ನಮ್ಮ ಭಾವ ಜಗಳಕ್ಕೇ ಬಂದರು. ಟೈರು ನೋಡಿದೆ. ಕಂಪನಿಯ 165/80 ಆರ್14 ಅಳತೆಯದು (ಅಗಲ 165 ಮಿ.ಮೀ., ಟೈರಿನ ಗೋಡೆಯ ಎತ್ತರ ಅದರ ಶೇ 80, ರಿಮ್ 14 ಇಂಚು) ಹೋಗಿ 195/60 ಆರ್15 ಬಂದಿತ್ತು. ರಿಮ್ ದೊಡ್ಡದಾದರೂ ಟೈರಿನ ಗೋಡೆ ಗಿಡ್ಡ, ಹಾಗಾಗಿ ಹೊಸದರ ಸುತ್ತಳತೆ ಶೇ 0.7ರಷ್ಟು ಕಡಿಮೆ. ಅದರಿಂದ ಮೀಟರು ಓಡದ ದೂರವನ್ನೂ ಓಡಿದೆನೆಂದು ಎಣಿಸುತ್ತಿತ್ತು.

ಹಂತ 3: ಗಾಳಿ. ಪೆಟ್ರೋಲ್ ಉಳಿಸಬೇಕೆಂದರೆ ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ: ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್ ಹೇಳಿದಷ್ಟು, ಬೆಳಿಗ್ಗೆ ಟೈರು ತಣ್ಣಗಿರುವಾಗ. ನೈಟ್ರೋಜನ್‌ಗೆ ದುಡ್ಡು ಸುರಿಯಬೇಡಿ. ಪುಕ್ಕಟೆ ಗಾಳಿಯಲ್ಲೇ ಅದು ಶೇ 78ರಷ್ಟಿದೆ.

ಅಂದಕ್ಕೇ ಅಲಾಯ್ ಬೇಕೆಂದರೆ ಹಾಕಿಸಿ, ಬೇಡವೆನ್ನುವುದಿಲ್ಲ. ಹಳೇ ನಟ್ಟುಗಳನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಡಿಕ್ಕಿಯಲ್ಲಿಡಿ. ಅಲಾಯ್ ನಟ್ಟು ಸ್ಟೀಲ್ ಸ್ಟೆಪ್ನಿಗೆ ಸರಿಯಾಗಿ ಕೂರದಿದ್ದರೆ, ನಡುರಾತ್ರಿ ಪಂಕ್ಚರ್ ಆದಾಗ ಜ್ಯಾಕ್ ಹಿಡಿದು ಕೂರಬೇಕಾದೀತು.