ಏಸಿ ಕೊಳ್ಳುವ ಮೊದಲು ಖೋಲಿ ನೋಡಿ

ನಮ್ಮ ವಿಜಯಪುರದಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಓಣಿಯಲ್ಲಿ ಎಲ್ಲರಿಗೂ ಒಮ್ಮೆಲೇ ಏಸಿ ನೆನಪಾಗುತ್ತದೆ. ಅಂಗಡಿಗೆ ರೊಕ್ಕ ಕಟ್ಟಿ ಬಂದರೂ ಅದನ್ನು ಕೂಡಿಸುವ ಹುಡುಗರು ಬೇಗ ಸಿಗುವುದಿಲ್ಲ. ಸಿಕ್ಕವರಿಗೂ ಮುಂದಿನ ಮನೆಗೆ ಓಡುವ ಅವಸರ. ಅದಕ್ಕೇ ಶಿವರಾತ್ರಿ ಕಳೆದ ಮೇಲೆ, ಯುಗಾದಿಗಿಂತ ಮೊದಲು ಈ ಕೆಲಸ ಮುಗಿಸಿಬಿಡಿ. ಯಾವ ಕಂಪನಿಯದು ತಗೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ಯಾವ ಖೋಲಿಗೆ, ಯಾವ ಗೋಡೆಗೆ, ಯಾವ ವೈರಿಗೆ ಹಚ್ಚಲಿ ಅಂತ ಕೇಳುವವರು ಕಡಿಮೆ. ನಾನು ಹೇಳುವುದೆಲ್ಲ ಅದರ ಬಗ್ಗೆಯೇ.

ಮೊದಲು ತಲೆ ಮೇಲಿನ ಮಾಳಿಗೆ ನೋಡಿ. ಹಿಂದಿನ ಮನೆಗಳಿಗೆ ಮಣ್ಣಿನ ಮೇಲ್ಮುದ್ದೆ ಇರುತ್ತಿತ್ತು, ಗೋಡೆಗಳೂ ದಪ್ಪ. ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ ಇದೆ, ಒಳಗೆ ಹೋದರೆ ಯಾಕೆ ತಂಪು ಅನಿಸುತ್ತದೆ ಅಂತ ಗೊತ್ತಾಗುತ್ತದೆ ಅಲ್ವಾ? ಈಗಿನ ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ನಡುರಾತ್ರಿಯವರೆಗೆ ಆ ಝಳವನ್ನು ಕೆಳಗೆ ಬಿಡುತ್ತಾ ಇರುತ್ತದೆ. ನೀವು ಒಂಬತ್ತಕ್ಕೆ ಏಸಿ ಹಚ್ಚಿದರೆ ಅದು ಆ ಝಳದ ಜೊತೆಗೇ ಗುದ್ದಾಡಬೇಕು. ಬೇಸಿಗೆಗೆ ಮೊದಲು ಮಾಳಿಗೆಗೆ ಸುಣ್ಣವನ್ನಾದರೂ ಬಳಿಸಿ. ರೊಕ್ಕ ಇದ್ದರೆ ಬಿಸಿಲು ತಡೆಯುವ ಬಿಳಿ ಪೇಂಟ್ ಹೊಡೆಸಿ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿ. ಒಳಗಡೆ ಎಷ್ಟು ದಪ್ಪ ಪರದೆ ಹಾಕಿದರೂ ಅಷ್ಟರಲ್ಲಿ ಬಿಸಿಲು ಗಾಜು ದಾಟಿ ಬಂದಿರುತ್ತದೆ.

ಇಡೀ ಮನೆಗೆ ಏಸಿ ಬೇಕು ಅನ್ನುವವರಿಗೆ ನಾನು ಒಪ್ಪುವುದಿಲ್ಲ. ನಮ್ಮದು ಒಣ ಬಿಸಿಲು. ಇಂಥ ಬಿಸಿಲಲ್ಲಿ ಕೂಲರ್ ಚಲೋ ಕೆಲಸ ಮಾಡುತ್ತದೆ, ಪಡಸಾಲೆಗೆ ಅದೇ ಸಾಕು. ಎದುರಿನ ಕಿಟಕಿ ತೆರೆದಿಡಿ, ಗಾಳಿ ಹೊರಗೆ ಹೋಗಬೇಕು. ಬೋರ್ ನೀರು ಹಾಕಿದರೆ ಕೂಲರಿನ ಪಕ್ಕದ ಜಾಳಿಗೆಯಲ್ಲಿ ತುಂಬಿದ ಹುಲ್ಲಿಗೆ ಬಿಳಿ ಉಪ್ಪು ಕಟ್ಟುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಹುಲ್ಲು ಬದಲಿಸಿ. ರೋಹಿಣಿ ಮಳೆ ಬಿದ್ದ ಮೇಲೆ ಗಾಳಿಯಲ್ಲಿ ತೇವ ಏರುತ್ತದೆ, ಆಗ ಕೂಲರಿನಿಂದ ಮೈ ಅಂಟಂಟಾಗುತ್ತದೆ. ವಯಸ್ಸಾದವರು ಅಥವಾ ಕೂಸು ಮಲಗುವ ಒಂದು ಖೋಲಿಗೆ ಏಸಿ ಇರಲಿ. ಎರಡನ್ನೂ ಒಂದೇ ಖೋಲಿಯಲ್ಲಿ ಮಾತ್ರ ಹಚ್ಚಬೇಡಿ. ಕೂಲರ್ ತೇವ ತುಂಬುತ್ತದೆ, ಏಸಿ ಅದನ್ನು ಹಿಂಡಿ ಹೊರಗೆ ಹಾಕುತ್ತದೆ, ಬಿಲ್ಲು ಕಟ್ಟುವವರು ನೀವು.

ಏಸಿಯ ಟನ್ ಅಂದರೆ ತೂಕ ಅಲ್ಲ, ತಂಪು ಮಾಡುವ ಶಕ್ತಿ. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿಗೆ ಒಂದು ಟನ್ ನಡೆಯುತ್ತದೆ. ಅದೇ ಖೋಲಿ ಸ್ಲ್ಯಾಬಿನ ಕೆಳಗಿದ್ದು ಪಶ್ಚಿಮದ ಗೋಡೆಯೂ ಇದ್ದರೆ ಒಂದೂವರೆ ಟನ್ ತಗೊಳ್ಳಿ. ಕರೆಂಟ್ ಎಷ್ಟು ಉಳಿಸುತ್ತದೆ ಅಂತ ತೋರಿಸಲು ಏಸಿಗೆ ಅಂಟಿಸಿದ ಸ್ಟಾರ್ ಚೀಟಿಯ ಮೇಲೆ ವರ್ಷಕ್ಕೆ ಇಷ್ಟು ಯುನಿಟ್ ಅಂತ ಬರೆದಿರುತ್ತದೆ. ಅದು 1600 ತಾಸಿನ ಲೆಕ್ಕ. 800 ಯುನಿಟ್ ಅಂತ ಇದ್ದರೆ ತಾಸಿಗೆ ಅರ್ಧ ಯುನಿಟ್ ಆಯಿತು. ರಾತ್ರಿ ಎಂಟು ತಾಸು ಹಚ್ಚಿದರೆ ತಿಂಗಳಿಗೆ 120 ಯುನಿಟ್. ನಮ್ಮ ಮೇ ತಿಂಗಳ ಧಗೆಗೆ ಇನ್ನೂ ಜಾಸ್ತಿಯೇ ಆಗುತ್ತದೆ. ಗೃಹಜ್ಯೋತಿ ಇರುವ ಮನೆಯವರು ಇದನ್ನು ಸರಿಯಾಗಿ ನೋಡಿಕೊಳ್ಳಿ. ತಿಂಗಳಿಗೆ 200 ಯುನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು, ಮೇಲಿನಷ್ಟನ್ನೇ ಅಲ್ಲ. ಚೀಟಿಯ ಮೇಲೆ ವರ್ಷವೂ ಇರುತ್ತದೆ, ಅದನ್ನೂ ಓದಿ. ಸ್ಟಾರ್ ಲೆಕ್ಕ ಆಗಾಗ ಬಿಗಿಯಾಗುತ್ತದೆ. ಹಳೆಯ ಐದು ಸ್ಟಾರ್ ಹೊಸ ಲೆಕ್ಕದಲ್ಲಿ ನಾಲ್ಕಕ್ಕೆ ಇಳಿದಿರಬಹುದು, ಅಂಗಡಿಯವನು ತಾನಾಗಿ ಹೇಳಲಿಕ್ಕಿಲ್ಲ.

ಇನ್ನು ವೈರು. ಫ್ಯಾನಿನ ಬೋರ್ಡಿನಿಂದ ಒಂದು ಎಳೆ ಎಳೆದು ಏಸಿ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಮೇನ್ ಬೋರ್ಡಿನಿಂದ ಬೇರೆಯೇ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿ, ಅದಕ್ಕೇ ಅಂತ ಒಂದು ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು, ಹಾಕಿಸಿ. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. ಅದು ಬರೀ ಒಂದು ಕಿಲೋವ್ಯಾಟ್ ಆಗಿದ್ದರೆ ಲೋಡ್ ಏರಿಸಲು ಮೊದಲೇ ಅರ್ಜಿ ಕೊಡಿ. ಸಂಜೆ ನಿಮ್ಮ ಓಣಿಯಲ್ಲಿ ಲೈಟು ಮಂಕಾಗುತ್ತದೆಯಾ? ಹಾಗಿದ್ದರೆ ಎಲೆಕ್ಟ್ರಿಷಿಯನ್ ಕೈಯಿಂದ ವೋಲ್ಟೇಜ್ ಅಳೆಸಿ. ಏಸಿ ಡಬ್ಬಿಯ ಮೇಲೆ ಬರೆದ ಮಿತಿಗಿಂತ ಕೆಳಗೆ ಇಳಿಯುತ್ತಿದ್ದರೆ ಸ್ಟೆಬಿಲೈಜರ್ ಬೇಕು, ಇಲ್ಲದಿದ್ದರೆ ಸುಮ್ನೆ ಖರ್ಚು. ಅರ್ಥಿಂಗ್ ಗುಂಡಿಯನ್ನು ಯಾರೂ ನೋಡುವುದಿಲ್ಲ. ಬೇಸಿಗೆಯಲ್ಲಿ ಅದು ಒಣಗಿ ಕೂತಿರುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ.

ಕೂಡಿಸುವ ದಿನ ಮನೆಯ ಒಬ್ಬರು ಪಕ್ಕದಲ್ಲೇ ನಿಲ್ಲಬೇಕು. ಚಹಾ ಕೊಡಿ, ಆದರೆ ಕಣ್ಣು ಕೆಲಸದ ಮೇಲಿರಲಿ. ನಿಮ್ಮದು ಹಳೆಯ ಕಲ್ಲಿನ ಗೋಡೆಯಾದರೆ ಫೋನಿನಲ್ಲೇ ಹೇಳಿಬಿಡಿ. ಎರಡು ಅಡಿ ದಪ್ಪದ ಕಲ್ಲಿಗೆ ಅವರು ತರುವ ಸಾದಾ ಡ್ರಿಲ್ ದಾಟುವುದಿಲ್ಲ, ಅರ್ಧ ಕೊರೆದು ಬಿಟ್ಟು ಹೋಗುತ್ತಾರೆ. ಮಣ್ಣಿನ ಗಾರೆಯ ಗೋಡೆಯಲ್ಲಿ ಬೋಲ್ಟು ಗಟ್ಟಿ ನಿಲ್ಲುವುದಿಲ್ಲ, ಗೌಂಡಿಯನ್ನು ಕರೆಸಿ ಮೊದಲೇ ಆ ಜಾಗಕ್ಕೆ ಸಿಮೆಂಟ್ ತುಂಬಿಸಿಡಿ. ಪೈಪಿನ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ. ಇಲ್ಲದಿದ್ದರೆ ನೀರು ಒಳಗೆ ಬಂದು ಗೋಡೆಗೆ ಕಲೆ ಬೀಳುತ್ತದೆ.

ಹೊರಗಿನ ಯಂತ್ರ ಉತ್ತರದ ಗೋಡೆಗಿದ್ದರೆ ಚಲೋ. ಸುತ್ತ ಗಾಳಿ ಆಡಬೇಕು. ಎದುರಿಗೆ ಗೋಡೆ ಹತ್ತಿರವಿದ್ದರೆ ಅದು ತಾನೇ ಬಿಟ್ಟ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಮಾಳಿಗೆಯ ಮೇಲೆ ಇಡಲೇಬೇಕಾದರೆ ಎತ್ತರದ ಸ್ಟ್ಯಾಂಡಿನ ಮೇಲಿಟ್ಟು ಮೇಲೆ ನೆರಳು ಮಾಡಿಸಿ.

ಎಲ್ಲಕ್ಕಿಂತ ದೊಡ್ಡ ಕಳ್ಳದಾರಿ ಅಂದರೆ ವ್ಯಾಕ್ಯೂಮ್ ಮಾಡದೆ ಬಿಡುವುದು. ತಾಮ್ರದ ಪೈಪು ಜೋಡಿಸಿದ ಮೇಲೆ ಒಳಗಿನ ಗಾಳಿ, ತೇವ ಎರಡನ್ನೂ ಪಂಪ್ ಹಚ್ಚಿ ತೆಗೆಯಬೇಕು. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಅವಸರದವರು ಪಂಪ್ ತರದೆ ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೋಯಿತು ಎನ್ನುತ್ತಾರೆ. ಪಂಪ್ ಕಾಣದಿದ್ದರೆ ಕೆಲಸ ನಿಲ್ಲಿಸಿ, ಮುಜುಗರ ಬೇಡ. ಆಮೇಲೆ ಪೈಪಿನ ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿ ತೋರಿಸಲಿ, ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ. ಈಗಿನ ಬಹಳಷ್ಟು ಏಸಿಗಳಲ್ಲಿ ಆರ್-32 ಗ್ಯಾಸ್ ಇರುತ್ತದೆ. ಅದಕ್ಕೆ ಬೆಂಕಿ ಹತ್ತಬಹುದು, ಹತ್ತಿರ ಬೀಡಿ ಸಿಗರೇಟು ಹಚ್ಚಲು ಬಿಡಬೇಡಿ. ಪೆಟ್ಟಿಗೆಯ ಜೊತೆ ಬರುವ ಪೈಪು ಸಾಲದಿದ್ದರೆ ಮೀಟರಿಗೆ ಇಷ್ಟು ಅಂತ ಬೇರೆ ಕೇಳುತ್ತಾರೆ. ಆ ದರವನ್ನು ಅಂಗಡಿಯಲ್ಲೇ ಬರೆಸಿಕೊಳ್ಳಿ.

ಹಚ್ಚಿದ ಮೇಲೆ 18ಕ್ಕೆ ಇಳಿಸಿ ಚಾದರ ಹೊದ್ದು ಮಲಗುವುದು ಯಾವ ಶಾಣ್ಯಾತನವೋ ನನಗೆ ತಿಳಿಯದು. 26ಕ್ಕೆ ಇಟ್ಟು ಫ್ಯಾನ್ ನಿಧಾನ ತಿರುಗಿಸಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯವರೇ ಹೇಳುತ್ತಾರೆ. ಗಾಳಿ ಮಲಗಿದವರ ತಲೆಗೆ ನೇರ ಬೀಳದಿರಲಿ. ನಮ್ಮೂರ ಧೂಳಿಗೆ ಹದಿನೈದು ದಿನಕ್ಕೊಮ್ಮೆ ಜಾಳಿಗೆ ತೆಗೆದು ತೊಳೆಯಿರಿ, ನೆರಳಲ್ಲಿ ಒಣಗಿಸಿ ಹಾಕಿ. ಹನಿಯುವ ನೀರನ್ನು ಬಕೆಟಿನಲ್ಲಿ ಹಿಡಿದು ನೆಲ ಒರೆಸಿ, ಗಿಡಕ್ಕೆ ಹಾಕಿ. ಕುಡಿಯಲು ಬೇಡ, ಇನ್ವರ್ಟರ್ ಬ್ಯಾಟರಿಗೂ ಬೇಡ. ಮಳೆಗಾಲದಲ್ಲಿ ಹೊರಗಿನ ಯಂತ್ರಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ. ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿ ಸೇರಿ ವೈರು ಕಡಿಯುತ್ತದೆ.