ಒಂದೇ ‘ಹ್ಯಾವ್’, ಹಲವು ಕೆಲಸ: ಬಳಸುವುದು ಹೇಗೆ?

ಇಂಗ್ಲಿಷಿನ ‘ಹ್ಯಾವ್’ ಕ್ರಿಯಾಪದಕ್ಕೆ ಶಾಲೆಗಳಲ್ಲಿ ಸಾಮಾನ್ಯವಾಗಿ ‘ಹೊಂದಿರು’ ಎಂಬ ಅರ್ಥವನ್ನು ಬರೆಸುತ್ತಾರೆ. ಆದರೆ ‘ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ’ ಎಂದು ಯಾರೂ ಮಾತನಾಡುವುದಿಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನ್ನ ಹತ್ತಿರ ಚಿಲ್ಲರೆ ಇದೆ’, ‘ನನಗೆ ಜ್ವರ ಬಂದಿದೆ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಒಂದು ಪದ ಮಾಡುವ ಕೆಲಸವನ್ನು ಕನ್ನಡದಲ್ಲಿ ‘ಇರು’, ‘ಬೇಕು’, ‘ಇಸು’ ಪ್ರತ್ಯಯ ಮೊದಲಾದವು ಹಂಚಿಕೊಂಡಿವೆ. ಆದ್ದರಿಂದ ನಿಘಂಟನ್ನು ಪಕ್ಕಕ್ಕಿಟ್ಟು, ಬಾಯಿಗೆ ಸಹಜವಾಗಿ ಬರುವ ಕನ್ನಡ ವಾಕ್ಯದಿಂದಲೇ ಹೊರಡುವುದು ಒಳ್ಳೆಯದು.

ಮೊದಲಿಗೆ, ವಾಕ್ಯದಲ್ಲಿರುವ ‘ಹ್ಯಾವ್’ ಮುಖ್ಯ ಕ್ರಿಯಾಪದವೋ ಸಹಾಯಕ ಕ್ರಿಯಾಪದವೋ ಎಂಬುದನ್ನು ಗುರುತಿಸಿಕೊಳ್ಳಬೇಕು. ವಾಕ್ಯವನ್ನು ನಿಷೇಧರೂಪಕ್ಕೆ ತಿರುಗಿಸಿದರೆ ಇದು ಗೊತ್ತಾಗುತ್ತದೆ. ‘ಐ ಡೋಂಟ್ ಹ್ಯಾವ್ ಟೈಮ್’ ಎಂಬಲ್ಲಿ ‘ಡೋಂಟ್’ ಬೇಕಾಗುವುದರಿಂದ ಅದು ಮುಖ್ಯ ಕ್ರಿಯಾಪದ. ‘ಐ ಹ್ಯಾವಂಟ್ ಈಟನ್’ ಎಂಬಲ್ಲಿ ‘ನಾಟ್’ ನೇರವಾಗಿ ‘ಹ್ಯಾವ್’ಗೇ ಅಂಟಿಕೊಳ್ಳುವುದರಿಂದ ಸಹಾಯಕ.

ಮುಖ್ಯ ಕ್ರಿಯಾಪದವಾಗಿದ್ದರೆ, ಮುಂದಿನ ಪ್ರಶ್ನೆ ‘ಇಂಗ್’ ರೂಪದ್ದು. ಬೆಂಗಳೂರಿನ ಕಚೇರಿಗಳಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಎ ಡೌಟ್’, ‘ಐ ಆ್ಯಮ್ ಹ್ಯಾವಿಂಗ್ ಒನ್ ಸಿಸ್ಟರ್’ ಎಂಬ ಮಾತುಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ಇರುವಿಕೆಯನ್ನು ಹೇಳುವಾಗ ಶಿಷ್ಟ ಇಂಗ್ಲಿಷ್ ಈ ರೂಪವನ್ನು ಒಪ್ಪುವುದಿಲ್ಲ. ಆದರೆ ‘ವಿ ಆರ್ ಹ್ಯಾವಿಂಗ್ ಲಂಚ್’ ಸರಿಯಾದ ವಾಕ್ಯವೇ, ಏಕೆಂದರೆ ಅಲ್ಲಿ ‘ಹ್ಯಾವ್’ ಒಂದು ಕ್ರಿಯೆಯನ್ನು ಸೂಚಿಸುತ್ತದೆ. ಕನ್ನಡದಲ್ಲಿ ‘ನಡೆಯುತ್ತಿದೆ’ ಎನ್ನಲು ಬರುತ್ತದೆಯೇ ಎಂದು ನೋಡಿದರೆ ಸಾಕು: ಊಟ ನಡೆಯುತ್ತಿದೆ, ಮೀಟಿಂಗ್ ನಡೆಯುತ್ತಿದೆ. ತಂಗಿ ನಡೆಯುತ್ತಿದ್ದಾಳೆ ಎಂದರೆ ಮಾತ್ರ ಅವಳು ವಾಕಿಂಗ್ ಹೊರಟಿದ್ದಾಳೆ ಎಂದಾಗುತ್ತದೆ!

ಹೆಚ್ಚು ಎಚ್ಚರ ಬೇಕಾಗಿರುವುದು ಸಹಾಯಕ ಕ್ರಿಯಾಪದದ ವಿಷಯದಲ್ಲಿ. ‘ಬಂದಿದ್ದೇನೆ’ ಎಂಬುದಕ್ಕೆ ‘ಹ್ಯಾವ್ ಕಮ್’ ಸರಿಹೊಂದುವುದರಿಂದ, ‘ಬಂದಿದ್ದೆ’ ಎಂಬುದಕ್ಕೆ ‘ಹ್ಯಾಡ್ ಕಮ್’ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಕನ್ನಡದಲ್ಲಿ ‘ನಿನ್ನೆ ಮೆಜೆಸ್ಟಿಕ್‌ಗೆ ಹೋಗಿದ್ದೆ’ ಎಂದರೆ ಹೋಗಿ ಹಿಂದಿರುಗಿದ್ದೂ ಆಯಿತು ಎಂಬ ಧ್ವನಿಯಿದೆ. ಆ ವಾಕ್ಯ ಅಷ್ಟಕ್ಕೇ ಪೂರ್ಣ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಮಾತ್ರ ಮತ್ತೊಂದು ಹಿಂದಿನ ಘಟನೆಯನ್ನು ಬೇಡುತ್ತದೆ, ಅದಕ್ಕಿಂತ ಮೊದಲೇ ನಡೆದದ್ದನ್ನು ಹೇಳುತ್ತದೆ. ‘ವೆನ್ ಐ ರೀಚ್ಡ್ ಮೆಜೆಸ್ಟಿಕ್, ದ ಬಸ್ ಹ್ಯಾಡ್ ಲೆಫ್ಟ್’ ಎಂಬಲ್ಲಿ ನಾನು ತಲುಪಿದ್ದು ಒಂದು ಘಟನೆ, ಬಸ್ಸು ಹೊರಟದ್ದು ಅದಕ್ಕೂ ಮುಂಚಿನದು. ಅಂಥ ಎರಡನೆಯ ಘಟನೆ ಇಲ್ಲದೆ ಬರೀ ನಿನ್ನೆಯ ಸುದ್ದಿಯಾದರೆ ‘ಐ ವೆಂಟ್’ ಎಂದರೆ ಆಯಿತು. ‘ಯೆಸ್ಟರ್‌ಡೇ’ ಜೊತೆಗೆ ‘ಹ್ಯಾವ್ ಗಾನ್’ ಕೂಡ ಸೇರುವುದಿಲ್ಲ.

ಇದೇ ಬಗೆಯ ತೊಡಕು ನಮ್ಮ ‘ಇಂದ’ ಪ್ರತ್ಯಯದಿಂದಲೂ ಆಗುತ್ತದೆ. ‘ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ’ ಎಂಬುದನ್ನು ‘ಐ ಆ್ಯಮ್ ಇನ್ ಬೆಂಗಳೂರು ಸಿನ್ಸ್ ಟೆನ್ ಇಯರ್ಸ್’ ಎನ್ನುವುದುಂಟು. ಹಿಂದೆ ಆರಂಭವಾಗಿ ಇಂದಿಗೂ ಮುಂದುವರಿದಿರುವ ಸ್ಥಿತಿಗೆ ‘ಐ ಹ್ಯಾವ್ ಬೀನ್ ಇನ್ ಬೆಂಗಳೂರು ಫಾರ್ ಟೆನ್ ಇಯರ್ಸ್’ ಎನ್ನಬೇಕು. ಅವಧಿಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’: ‘ಸಿನ್ಸ್ 2015’.

ಇನ್ನು ಕನ್ನಡಿಗರಿಗೆ ಅನುಕೂಲವಾಗಿರುವ, ಆದರೂ ನಾವು ಅಷ್ಟಾಗಿ ಬಳಸಿಕೊಳ್ಳದ ಒಂದು ಪ್ರಯೋಗವಿದೆ. ಕ್ಷೌರದಂಗಡಿಯಿಂದ ಬಂದು ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ಹಿಡಿದವರು ನಾವೇ ಎಂದಾಗುತ್ತದೆ. ಕನ್ನಡದಲ್ಲಿ ‘ಕತ್ತರಿಸಿದೆ’ ಎನ್ನದೆ ‘ಕಟಿಂಗ್ ಮಾಡಿಸಿದೆ’ ಎನ್ನುತ್ತೇವಲ್ಲ, ಹಾಗೆ ಬೇರೆಯವರಿಂದ ಕೆಲಸ ಮಾಡಿಸುವ ಅರ್ಥದಲ್ಲಿ ‘ಇಸು’ ಬಂದಾಗ ‘ಹ್ಯಾವ್’ ಸಿದ್ಧವಾಗಿದೆ: ‘ಐ ಹ್ಯಾಡ್ ಮೈ ಹೇರ್ ಕಟ್’. ಇಲ್ಲಿ ಪದಗಳ ಕ್ರಮವೇ ಅರ್ಥವನ್ನು ನಿರ್ಧರಿಸುತ್ತದೆ. ‘ವಿ ಹ್ಯಾಡ್ ದ ಹೌಸ್ ಪೇಂಟೆಡ್’ ಎಂದರೆ ಮನೆಗೆ ಬಣ್ಣ ಹೊಡೆಸಿದೆವು. ‘ವಿ ಹ್ಯಾಡ್ ಪೇಂಟೆಡ್ ದ ಹೌಸ್’ ಎಂದರೆ ಮೊದಲೇ ನಾವೇ ಹೊಡೆದಿದ್ದೆವು. ಯಾರಿಂದ ಮಾಡಿಸಿದ್ದು ಎಂಬುದನ್ನೂ ಹೇಳಬೇಕಾದರೆ ‘ಐ ಹ್ಯಾಡ್ ದ ಮೆಕ್ಯಾನಿಕ್ ಚೆಕ್ ದ ಬ್ರೇಕ್ಸ್’ ಎನ್ನಬೇಕು. ಇಲ್ಲಿ ‘ಟು’ ಬರುವುದಿಲ್ಲ. ‘ಗೆಟ್’ ಬಳಸಿದರೆ ಬರುತ್ತದೆ.

‘ಹ್ಯಾವ್ ಟು’ ನಮ್ಮ ‘ಬೇಕು’ವಿಗೆ ಸಮೀಪದ್ದು. ನಿಷೇಧದಲ್ಲಿ ಮಾತ್ರ ಜಾಗರೂಕರಾಗಿರಬೇಕು: ‘ಯೂ ಡೋಂಟ್ ಹ್ಯಾವ್ ಟು ಕಮ್’ ಎಂದರೆ ಬರಬೇಕಾಗಿಲ್ಲ, ‘ಯೂ ಮಸ್ಟ್ ನಾಟ್ ಕಮ್’ ಎಂದರೆ ಬರಬಾರದು. ‘ಬರಬೇಕಾಯಿತು’ ಎನ್ನುವಲ್ಲಿ ‘ಮಸ್ಟ್’ ಕೈಕೊಡುತ್ತದೆ. ಟ್ರಾಫಿಕ್ ಕಾರಣಕ್ಕೆ ಮೆಟ್ರೊ ಹಿಡಿಯಬೇಕಾಯಿತು ಎಂಬುದಕ್ಕೆ ‘ಐ ಹ್ಯಾಡ್ ಟು ಟೇಕ್ ದ ಮೆಟ್ರೊ’ ಎಂದೇ ಬರೆಯಬೇಕು.